ಮುಚ್ಚಿಡೋಕೆ ಏನಿದೆ ಎನ್ನುವವರಿಗೆ

ಯಲಹಂಕ ನ್ಯೂ ಟೌನಿನಿಂದ ಆರ್.ಟಿ. ನಗರದವರೆಗೆ ಪಕ್ಷ, ಜಾತಿ, ಕ್ರಿಕೆಟ್ಟು ಯಾವುದರಲ್ಲೂ ಒಮ್ಮತವಿಲ್ಲದ ಮನೆಗಳು ಒಂದು ವಿಷಯದಲ್ಲಿ ಮಾತ್ರ ಒಂದಾಗಿವೆ: ಮನೆಯ ಕಂಪ್ಯೂಟರಿನಲ್ಲಿ ಫೋಲ್ಡರ್ ಮುಚ್ಚಿಟ್ಟವರಲ್ಲಿ ಏನೋ ಐಬಿದೆ. ಮಗ ಪಾಸ್‌ವರ್ಡ್ ಹಾಕಿದರೆ ಅಪ್ಪನಿಗೆ ಅನುಮಾನ. ಹೆಂಡತಿ ಹಾಕಿದರೆ ಗಂಡನಿಗೆ, ಅತ್ತೆಗೆ, ನಾದಿನಿಗೆ, ಸಾಲದ್ದಕ್ಕೆ ಭಾನುವಾರ ಊಟಕ್ಕೆ ಬಂದ ಷಡ್ಡಕನಿಗೂ. ‘ನಮ್ಮನೇಲಿ ಎಲ್ಲಾ ಓಪನ್ನು, ಯಾರ ಸಿಸ್ಟಮ್ ಯಾರು ಬೇಕಾದ್ರೂ ತೆಗೀಬಹುದು’ ಎಂದು ಹೇಳಿಕೊಳ್ಳುವುದು ಈಗ ಒಳ್ಳೆಯ ಮನೆತನದ ಸರ್ಟಿಫಿಕೇಟು. ಎದುರಾಡುವವರ ಬಾಯಿ ಮುಚ್ಚಿಸಲು ಗಾದೆಯೂ ಸಿದ್ಧವಿದೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ.

ಹೀಗೆ ಹೇಳುವವರು ದುಷ್ಟರೇನಲ್ಲ. ಬಹುಪಾಲು ಜನ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯಿಂದ ಆದ ಅನಾಹುತ ಇಷ್ಟು: ಸ್ವಂತ ಫೈಲಿಗೆ ಬೀಗ ಹಾಕುವುದು ತಲೆ ತಗ್ಗಿಸುವ ಕೆಲಸವಾಗಿಬಿಟ್ಟಿದೆ. ತಲೆ ತಗ್ಗಿಸುವ ಕೆಲಸವನ್ನು ಯಾರೂ ಹಾಡಹಗಲಲ್ಲಿ, ತಿಳಿದವರನ್ನು ಕೇಳಿಕೊಂಡು, ಸರಿಯಾಗಿ ಮಾಡುವುದಿಲ್ಲ. ಕದ್ದು ಮಾಡುತ್ತಾರೆ. ಕದ್ದು ಮಾಡುವವರು ಬೀಗದ ತಂಟೆಗೆ ಹೋಗದೆ ಬಚ್ಚಿಡುತ್ತಾರೆ. ಕಂಪ್ಯೂಟರಿನಲ್ಲಿ ಬಚ್ಚಿಟ್ಟದ್ದು ಹುಡುಕುವವನ ಕೈಗೆ ಎರಡು ಮೂರು ಕ್ಲಿಕ್ಕಿನಲ್ಲಿ ಸಿಗುತ್ತದೆ. ಮುಚ್ಚಿಡುವುದಕ್ಕೆ ನಾಚಿಕೆ ಅಂಟಿಸಿದವರೇ ನಮ್ಮ ಫೈಲುಗಳು ಬೀದಿಗೆ ಬೀಳುವುದಕ್ಕೂ ಹೊಣೆ ಎಂಬುದು ನನ್ನ ಆರೋಪ.

ಆ ಫೋಲ್ಡರುಗಳ ಒಳಗೆ ಏನಿರುತ್ತದೆ? ಅನುಮಾನಿಸುವವರ ಕಲ್ಪನೆ ಒಂದೇ ಕಡೆ ಓಡುತ್ತದೆ. ‘ಅದೇ’ ಇರಬೇಕು, ಇನ್ನೇನಿರುತ್ತೆ ಎನ್ನುತ್ತಾರೆ. ‘ಅದ’ಕ್ಕೆ ಬಚ್ಚಿಟ್ಟ ಫೋಲ್ಡರೇ ಬೇಕೆಂದಿಲ್ಲ ಎಂಬುದನ್ನು ಈ ರಾಜ್ಯ 2012ರ ಫೆಬ್ರವರಿಯಲ್ಲೇ ಕಂಡಿದೆ, ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ, ಒದಗಿಸಿದ ಆರೋಪ ಹೊತ್ತು ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದಕ್ಕಿಂತ ಬಹಿರಂಗ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮನೆಗಳ ಫೋಲ್ಡರುಗಳು ಇದಕ್ಕಿಂತ ಬಹಳ ಸಪ್ಪೆ, ಬಹಳ ಭಾರ. ಹೆಬ್ಬಾಳದ ಯಾವುದೋ ಲ್ಯಾಬಿನಿಂದ ಬಂದ ಬಯಾಪ್ಸಿ ವರದಿ ಇರುತ್ತದೆ. ಮಗಳ ಮದುವೆ ಮುಗಿಯುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ತಾಯಿ ಒಬ್ಬಳೇ ಹೊತ್ತುಕೊಂಡಿರುವುದು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಕಳೆದುಕೊಂಡು, ಆದರೂ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುತ್ತಲೇ ಇರುವವನ ರಿಲೀವಿಂಗ್ ಪತ್ರ ಇರುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಸಣ್ಣ ವ್ಯಾಪಾರಿಯ ಕೈಸಾಲದ ಲೆಕ್ಕ, ಜಿಕೆವಿಕೆಯ ಸಂಶೋಧನಾ ವಿದ್ಯಾರ್ಥಿ ಹಂಗಾಮುಗಟ್ಟಲೆ ಬಿಸಿಲಲ್ಲಿ ನಿಂತು ಕೂಡಿಹಾಕಿದ ಅಂಕಿಅಂಶ, ವಕೀಲರಿಗೆಂದು ಬರೆದು ಕಳಿಸದೇ ಉಳಿದ ಕಾಗದ. ಯಾರಿಗೂ ತೋರಿಸದ ಪದ್ಯಗಳು, ಅವೂ ಕೆಟ್ಟ ಪದ್ಯಗಳು. ಕೆಟ್ಟ ಪದ್ಯ ಬರೆದು ಯಾರಿಗೂ ತೋರಿಸದಿರುವುದು ಸಾಹಿತ್ಯಕ್ಕೆ ಮಾಡುವ ಸೇವೆ. ಅದಕ್ಕಾದರೂ ಒಂದು ಬೀಗ ಬೇಡವೇ?

ಇವೇ ಮನೆಗಳಲ್ಲಿ ಒಂದು ಗೋದ್ರೇಜ್ ಬೀರು ಇರುತ್ತದೆ. ಅದರೊಳಗೆ ಲಾಕರು, ಲಾಕರಿಗೆ ಬೇರೆಯೇ ಕೀಲಿ, ಆ ಕೀಲಿ ಯಾವುದೋ ಸೀರೆಯ ಮಡಿಕೆಯಲ್ಲಿ. ಅಜ್ಜಿ ಒಳಗೇನಿಟ್ಟಿದ್ದಾಳೆ ಎಂದು ಮೊಮ್ಮಗ ಕೇಳಿದರೆ ‘ದೊಡ್ಡೋರ ವಿಷಯ ನಿಂಗ್ಯಾಕೋ’ ಎಂದು ಗದರುವವರು ಅದೇ ಬಾಯಲ್ಲಿ ಮೊಮ್ಮಗನ ಲ್ಯಾಪ್‌ಟಾಪಿಗೆ ಕೀಲಿ ಯಾಕೆ ಎಂದು ಕೇಳುತ್ತಾರೆ. ಬಂಗಾರಕ್ಕೆ ಹಾಕಿದ ಕೀಲಿ ಜವಾಬ್ದಾರಿ, ಬರಹಕ್ಕೆ ಹಾಕಿದ ಕೀಲಿ ಅಪರಾಧ. ಇದು ಯಾವ ನ್ಯಾಯ?

ಕೀಲಿ ಕೇಳಿದರೆ ಬೈಸಿಕೊಳ್ಳಬೇಕಾದ ಪೀಳಿಗೆ ಏನು ಮಾಡಿತು ಎಂಬುದಕ್ಕೆ ಯಲಹಂಕದ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲು, ಪಿಜಿಗಳೇ ಸಾಕ್ಷಿ. ಅಲ್ಲಿ ಒಂದು ಕಾಲಕ್ಕೆ ಸೀನಿಯರುಗಳಿಂದ ಜೂನಿಯರುಗಳಿಗೆ ಇಳಿದು ಬರುತ್ತಿದ್ದ ವಿದ್ಯೆ ಇದು. ರೈಟ್ ಕ್ಲಿಕ್, ಪ್ರಾಪರ್ಟೀಸ್, ಹಿಡನ್‌ಗೆ ಟಿಕ್. ಒಂದು ಮೆಟ್ಟಿಲು ಮೇಲಿನವರು ಕಪ್ಪು ಪರದೆ ತೆರೆದು ‘ಆಟ್ರಿಬ್ ಪ್ಲಸ್ ಎಚ್ ಪ್ಲಸ್ ಎಸ್’ ಹೊಡೆಯುತ್ತಿದ್ದರು. ಅದಕ್ಕೂ ಮೇಲಿನವರು ನೋಟ್‌ಪ್ಯಾಡಿನಲ್ಲಿ ಹತ್ತಾರು ಸಾಲು ಅಂಟಿಸಿ ‘ಲಾಕರ್ ಡಾಟ್ ಬ್ಯಾಟ್’ ಎಂಬ ಫೈಲು ಮಾಡಿ, ಫೋಲ್ಡರಿಗೆ ಕಂಟ್ರೋಲ್ ಪ್ಯಾನೆಲ್ಲಿನ ವೇಷ ತೊಡಿಸುತ್ತಿದ್ದರು. ಅದೇ ಬ್ಯಾಟ್ ಫೈಲನ್ನು ಮತ್ತೆ ನೋಟ್‌ಪ್ಯಾಡಿನಲ್ಲಿ ತೆರೆದರೆ ಪಾಸ್‌ವರ್ಡ್ ಅಚ್ಚುಕಟ್ಟಾಗಿ ಬರೆದಿಟ್ಟಿರುತ್ತಿತ್ತು, ಆ ಮಾತು ಬೇರೆ. ಏನೂ ಬಾರದವರು ‘ಡ್ರೈವರ್ಸ್’ ಒಳಗೆ ‘ನ್ಯೂ ಫೋಲ್ಡರ್ 2’, ಅದರೊಳಗೆ ‘ಸೆಮ್ 3 ನೋಟ್ಸ್’ ಎಂದು ಮಾಡಿ ನೆಮ್ಮದಿಯಾಗಿ ಮಲಗುತ್ತಿದ್ದರು. ನನ್ನನ್ನು ಕೇಳಿದರೆ ಈ ಕೊನೆಯವರೇ ಜಾಣರು. ಮೂರನೇ ಸೆಮಿಸ್ಟರಿನ ನೋಟ್ಸನ್ನು ಯಾರೂ ತೆರೆಯುವುದಿಲ್ಲ.

ಹಿಡನ್ ಎಂಬುದು ಬೀಗವಾಗಿ ಹುಟ್ಟಿದ್ದೇ ಅಲ್ಲ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಏರ್ಪಾಡು ಅದು. ಕಂಪ್ಯೂಟರ್ ಚಾಲೂ ಆಗಲು ಬೇಕಾದ ಫೈಲುಗಳನ್ನು ಗೊತ್ತಿಲ್ಲದವರು ಅಳಿಸಿಹಾಕದಿರಲಿ ಎಂದು ಫೈಲಿನ ಹೆಸರು, ತಾರೀಖಿನ ಪಕ್ಕದಲ್ಲಿ ಒಂದು ಗುರುತು ಇಟ್ಟರು. ಗುರುತಿದ್ದರೆ ಪಟ್ಟಿಯಲ್ಲಿ ತೋರಿಸಬೇಡ ಎಂಬ ಕೋರಿಕೆ, ಅಷ್ಟೆ. ಫೈಲಿನ ಒಳಗಿನ ಒಂದಕ್ಷರವೂ ಬದಲಾಗುವುದಿಲ್ಲ. ವಿಂಡೋಸ್ 11ರಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಎಂದು ಒತ್ತಿದರೆ ಬರೀ ಹಿಡನ್ ಟಿಕ್ ಹಾಕಿ ಬಚ್ಚಿಟ್ಟದ್ದೆಲ್ಲ ಕೊಂಚ ಮಸುಕು ಬಣ್ಣದಲ್ಲಿ ಎದುರು ನಿಲ್ಲುತ್ತದೆ. ‘ನೋಡಿ, ಇದನ್ನೇ ಬಚ್ಚಿಟ್ಟದ್ದು’ ಎಂದು ಬೊಟ್ಟುಮಾಡಿ ತೋರಿಸಿದ ಹಾಗೆ. ಯುನಿಕ್ಸ್ ಲೋಕದ ಕಥೆ ಇನ್ನೂ ಮೋಜಿನದು. ಅಲ್ಲಿ ಹೆಸರಿನ ಮೊದಲಿಗೆ ಒಂದು ಚುಕ್ಕಿ ಇಟ್ಟರೆ ಫೈಲು ಪಟ್ಟಿಯಿಂದ ಮಾಯ. ಇದು ಯಾರೂ ಯೋಚಿಸಿ ಮಾಡಿದ್ದಲ್ಲ ಎಂದು ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ದರು. ಪ್ರತಿ ಫೋಲ್ಡರಿನಲ್ಲೂ ಇರುವ ಒಂಟಿ ಚುಕ್ಕಿ, ಜೋಡಿ ಚುಕ್ಕಿಯ ಎರಡು ನಮೂದುಗಳನ್ನು ಪಟ್ಟಿಯಿಂದ ಕೈಬಿಡಲು ಯಾರೋ ಅವಸರದಲ್ಲಿ ‘ಮೊದಲ ಅಕ್ಷರ ಚುಕ್ಕಿಯೇ’ ಎಂದಷ್ಟೇ ನೋಡುವ ಸಾಲು ಬರೆದರಂತೆ. ಚುಕ್ಕಿಯಿಂದ ಶುರುವಾಗುವ ಬೇರೆ ಫೈಲುಗಳೂ ಅದರೊಂದಿಗೆ ಮರೆಯಾದವು. ನಾವು ಗುಟ್ಟು ಇಡುತ್ತಿರುವುದು ಒಬ್ಬರ ಸೋಮಾರಿತನದ ಮರೆಯಲ್ಲಿ.

ಕನ್ನಡಿಗರಿಗೆ ಇನ್ನೊಂದು ಸ್ವಂತ ಭ್ರಮೆಯೂ ಇತ್ತು. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಲ್ಯಾಟಿನ್ ಅಕ್ಷರಗಳ ಗೋಜಲು. ಅದನ್ನೇ ರಹಸ್ಯಲಿಪಿ ಎಂದುಕೊಂಡು ದಿನಚರಿ ಬರೆದವರುಂಟು. ಫಾಂಟ್ ಹಾಕಿದ ಕ್ಷಣ ದಿನಚರಿ ತಾನೇ ಓದಿಸಿಕೊಳ್ಳುತ್ತದೆ.

ಬಚ್ಚಿಡುವ ಉಪಾಯದ ಇನ್ನೊಂದು ಗುಣ, ಅದು ಮಾಲೀಕನ ಪಕ್ಷದಲ್ಲೇ ಇರಬೇಕೆಂದಿಲ್ಲ. ಮತ್ತಿಕೆರೆ, ಯಶವಂತಪುರದ ಝೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟು ತೆಗೆಸಿದವರಿಗೆಲ್ಲ ಪೆನ್‌ಡ್ರೈವಿನ ಶಾರ್ಟ್‌ಕಟ್ ವೈರಸ್ ನೆನಪಿರುತ್ತದೆ. ಫೋಲ್ಡರುಗಳಿಗೆ ಹಿಡನ್ ಗುರುತು ಹಾಕಿ, ಅವುಗಳ ಜಾಗದಲ್ಲಿ ತನ್ನ ನಕಲಿ ಗುಂಡಿಗಳನ್ನು ಕೂರಿಸುತ್ತಿತ್ತು. ಮಾಲೀಕ ‘ಎಲ್ಲಾ ಡಿಲೀಟ್ ಆಯ್ತು’ ಎಂದು ಗೋಳಾಡುತ್ತಿದ್ದರೆ ಫೈಲುಗಳೆಲ್ಲ ಅಲ್ಲೇ ಇರುತ್ತಿದ್ದವು. ಇದು ತಮಾಷೆಯ ಮಟ್ಟ. ಗಂಭೀರ ಮಟ್ಟ ಬೇಕಾದರೆ ಭೀಮಾ ಕೋರೆಗಾಂವ್ ಪ್ರಕರಣವಿದೆ. ಆರೋಪಿಯೊಬ್ಬರ ಲ್ಯಾಪ್‌ಟಾಪಿನ ಪ್ರತಿಯನ್ನು ಅವರ ವಕೀಲರ ಕೋರಿಕೆಯ ಮೇಲೆ ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ, ದೋಷಾರೋಪಣೆಗೆ ಆಧಾರವಾದ ಪತ್ರಗಳನ್ನು ಹೊರಗಿನವರು ಕುತಂತ್ರಾಂಶದ ಮೂಲಕ ಒಂದು ಹಿಡನ್ ಫೋಲ್ಡರಿನೊಳಗೆ ತಂದಿಟ್ಟಿದ್ದರು ಎಂದು 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಈ ವರದಿಯನ್ನು ಒಪ್ಪಿಲ್ಲ. ಯಾರ ಮಾತು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡುತ್ತಿಲ್ಲ. ಒಳಗೆ ಬಂದವನು ಯಾರೇ ಆಗಲಿ, ಬಚ್ಚಿಡುವ ಗುಂಡಿ ಅವನ ಕೈಗೂ ಸಿಗುತ್ತದೆ ಎಂಬುದು ಮಾತ್ರ ವಿವಾದವಿಲ್ಲದ ಸಂಗತಿ.

‘ಮನೆಯವರ ಮುಂದೆ ಮುಚ್ಚುಮರೆ ಯಾಕೆ’ ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ. ಮನೆಯ ಕಂಪ್ಯೂಟರ್ ಮನೆಯಲ್ಲೇ ಇರುವುದಿಲ್ಲ. ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿಯ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೀಬೋರ್ಡಿನ ಕೀಲಿ ಮುರಿದಿದೆ ಎಂದರೂ, ಫ್ಯಾನು ಸದ್ದು ಮಾಡುತ್ತದೆ ಎಂದರೂ ಹುಡುಗ ಮೊದಲು ಕೇಳುವುದು ಪಾಸ್‌ವರ್ಡ್. ಗಂಡನ ಮುಂದೆ ಹೇಳಲು ಹಿಂಜರಿದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಸೆಲ್ಲೋಟೇಪಿನಲ್ಲಿ ಲ್ಯಾಪ್‌ಟಾಪಿನ ಮೇಲೇ ಅಂಟಿಸಿ, ಟೋಕನ್ ತೆಗೆದುಕೊಂಡು ಬರುತ್ತೇವೆ. ಅಪರಿಚಿತನಿಗೆ ಕೊಡುವಾಗ ನಮಗೆ ಯಾವ ಸಂಸ್ಕಾರವೂ ಅಡ್ಡ ಬರುವುದಿಲ್ಲ.

ಅಲ್ಲಿರುವವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಆದರೆ ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಆಡಿಯೋ ಡ್ರೈವರ್ ಮಾತ್ರ ಕೆಡಿಸಿದ ಲ್ಯಾಪ್‌ಟಾಪ್‌ಗಳನ್ನು ಅವರು 16 ಅಂಗಡಿಗಳಿಗೆ ರಿಪೇರಿಗೆ ಕೊಟ್ಟರು. ಈ ರಿಪೇರಿಗೆ ಯಾರ ಫೋಟೋವನ್ನೂ ತೆರೆಯುವ ಅಗತ್ಯವಿಲ್ಲ. ಯಂತ್ರ ತಾನೇ ಬರೆದಿಟ್ಟುಕೊಂಡ ದಾಖಲೆ ತೆಗೆದು ನೋಡಿದರೆ 6 ಅಂಗಡಿಗಳಲ್ಲಿ ಖಾಸಗಿ ಫೈಲು ತೆರೆದಿದ್ದರು, 2 ಅಂಗಡಿಗಳಲ್ಲಿ ನಕಲನ್ನೂ ಮಾಡಿಕೊಂಡಿದ್ದರು. ಹೆಣ್ಣುಮಕ್ಕಳದೆಂದು ಕಾಣುವ ಯಂತ್ರಗಳ ಮೇಲೆ ಕಣ್ಣು ಹೆಚ್ಚು. ಹಾಂಗ್‌ಕಾಂಗ್‌ನ ನಟ ಎಡಿಸನ್ ಚೆನ್ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟದ್ದರ ಫಲ 2008ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಚಿತ್ರಗಳನ್ನು ತೆಗೆದುಕೊಂಡ ತಂತ್ರಜ್ಞನಿಗೆ ಮರುವರ್ಷ ಎಂಟೂವರೆ ತಿಂಗಳ ಸಜೆಯಾಯಿತು. ಆ ಚಿತ್ರಗಳಲ್ಲಿದ್ದ ಹೆಂಗಸರ ಮೇಲೆ ಬಿದ್ದ ಶಿಕ್ಷೆಗೆ ಅವಧಿಯೇ ಇರಲಿಲ್ಲ. ನಮ್ಮ ದೇಶದಲ್ಲೂ ಮಾಲೀಕರ ಅನುಮತಿಯಿಲ್ಲದೆ ದತ್ತಾಂಶ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿಗೆ ಬರುತ್ತದೆ. ಅಪ್ರಾಮಾಣಿಕವಾಗಿ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚೀಟಿ ಅಂಟಿಸಿ ಕೊಟ್ಟವರು ಅನುಮತಿ ಕೊಟ್ಟಿರಲಿಲ್ಲವೆಂದು ಸಾಧಿಸುವುದು ಅವರವರ ವಕೀಲರ ಚಾಕಚಕ್ಯತೆಗೆ ಬಿಟ್ಟದ್ದು.

ಇನ್ನು ಆ ಮಹಾವಾಕ್ಯ, ನಂಬಿಕೆ ಇದ್ದರೆ ಬೀಗ ಯಾಕೆ. ತಿರುಗಿಸಿ ಕೇಳುತ್ತೇನೆ: ಎಲ್ಲವೂ ಕಣ್ಣೆದುರು ತೆರೆದೇ ಬಿದ್ದಿರುವಾಗ ನಂಬಿಕೆಗೆ ಕೆಲಸವೇನು? ಹೆಂಡತಿಯ ಫೋಲ್ಡರು ಮುಚ್ಚಿದ್ದೂ ಗಂಡನಿಗೆ ನಿದ್ದೆ ಬರುವುದಾದರೆ ಆ ಮನೆಯಲ್ಲಿ ನಂಬಿಕೆ ಇದೆ. ದಿನಾ ರಾತ್ರಿ ತೆರೆದು ನೋಡಿದ ಮೇಲಷ್ಟೇ ನಿದ್ದೆ ಬರುವ ಮನೆಯಲ್ಲಿ ನಡೆಯುತ್ತಿರುವುದು ತಪಾಸಣೆ.

ಗಂಡ ಹೆಂಡತಿ ಒಂದೇ ಜೀವ, ಅವರ ನಡುವೆ ಖಾಸಗಿ ಎಂಬುದುಂಟೇ ಎಂಬ ಪ್ರಶ್ನೆಗೆ ನಮ್ಮ ಹೈಕೋರ್ಟೇ ಉತ್ತರಿಸಿದೆ. ಬೇರೆಯಾಗಿದ್ದ ಗಂಡನ ಆಧಾರ್ ವಿವರ ಬೇಕೆಂದು ಹೆಂಡತಿ ಕೇಳಿದ ಪ್ರಕರಣದಲ್ಲಿ, ಮದುವೆಯಾದ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನದ ಹಕ್ಕು ಮರೆಯಾಗುವುದಿಲ್ಲ ಎಂದು ವಿಭಾಗೀಯ ಪೀಠ 2023ರಲ್ಲಿ ಹೇಳಿತು. ಎದುರು ಪಕ್ಷದವರು 2025ರ ಜುಲೈ ತಿಂಗಳ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತಿಕೊಂಡು ಬರುತ್ತಾರೆ, ಬರಲಿ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಸಂಗಾತಿ ಗುಟ್ಟಾಗಿ ಧ್ವನಿಮುದ್ರಿಸಿದ ಮಾತುಕತೆಯನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ನನಗೆ ಈ ತೀರ್ಪು ಇಷ್ಟವಾಗಿಲ್ಲ. ಆದರೂ ಅದನ್ನು ಓದಿದವರಿಗೆ ಗೊತ್ತು, ಪರಸ್ಪರ ಗೂಢಚರ್ಯೆ ನಡೆಸುವ ಮಟ್ಟಕ್ಕೆ ಬಂದ ಮದುವೆ ಮೊದಲೇ ಮುರಿದಿರುತ್ತದೆ ಎಂಬುದೇ ಅದರ ತರ್ಕ. ಸುಖಸಂಸಾರದಲ್ಲಿ ಇಣುಕಿ ನೋಡಲು ಕೊಟ್ಟ ಪರವಾನಗಿ ಎಂದು ಅದನ್ನು ಓದುವುದು ತೀರ್ಪಿಗೆ ಮಾಡುವ ಅನ್ಯಾಯ.

ಖಾಸಗಿತನ ಉಳ್ಳವರ ಶೋಕಿ ಎನ್ನುವ ವಾದವೂ ಉಂಟು. ಇದನ್ನು ಹೇಳಿದ್ದು ಸಣ್ಣಪುಟ್ಟವರಲ್ಲ. ಕೇಂದ್ರ ಸರ್ಕಾರವೇ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಧಾಟಿಯಲ್ಲಿ ವಾದಿಸಿತ್ತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನಲ್ಲಿ 1977ರಿಂದ ನ್ಯಾಯಮೂರ್ತಿಯಾಗಿ ಕೆಲಸ ಮಾಡಿ ನಿವೃತ್ತರಾಗಿದ್ದ, ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಅವರು ಬಚ್ಚಿಡುವಂಥದ್ದೇನಿತ್ತು ಎಂದು ನಮ್ಮ ಷಡ್ಡಕರು ಕೇಳಿಯಾರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಬಡವರಿಗೆ ಅದು ಬೇಕಿಲ್ಲ ಎಂಬ ವಾದವನ್ನು ತಳ್ಳಿಹಾಕಿದರು. ತಳ್ಳಿಹಾಕಲೇಬೇಕಿತ್ತು. ಸಹಕಾರನಗರದ ಬಂಗಲೆಯಲ್ಲಿ ಮಗಳಿಗೆ ಸ್ವಂತ ಕೋಣೆ ಇದೆ, ಕೋಣೆಗೆ ಚಿಲಕವಿದೆ. ಸುಲ್ತಾನಪಾಳ್ಯದ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಐದು ಜನ, ಒಂದು ಲ್ಯಾಪ್‌ಟಾಪು. ಅಲ್ಲಿಯ ಮಗಳಿಗೆ ಇರುವ ಏಕೈಕ ಕೋಣೆ ಆ ಫೋಲ್ಡರು. ಯಾರಿಗೆ ಬೀಗ ಹೆಚ್ಚು ಬೇಕು?

ಬೀಗ ಹಾಕಿದರೆ ಅಪರಾಧಿಗಳಿಗೆ ಅನುಕೂಲ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ಹಗುರವಾಗಿ ತಳ್ಳುವುದಿಲ್ಲ. ಆದರೆ ಕಾನೂನಿಗೆ ಅದರದೇ ಬಾಗಿಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಸರ್ಕಾರ ಗೂಢಲಿಪಿ ಬಿಡಿಸಿಕೊಡಲು ಆದೇಶಿಸಬಹುದು, ಸಹಕರಿಸದವರಿಗೆ 7 ವರ್ಷದವರೆಗೆ ಶಿಕ್ಷೆ. ಪೊಲೀಸರು ಫೋನು, ಲ್ಯಾಪ್‌ಟಾಪು ಶೋಧಿಸಲು ಸಾಮಾನ್ಯವಾಗಿ ಕೋರ್ಟಿನ ವಾರಂಟು ಬೇಕು, ಅದರಲ್ಲಿ ಸಿಕ್ಕಿದ್ದನ್ನು ಕೋರ್ಟಿನ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತೋರಿಸಬಾರದು ಎಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2021ರ ಮಾರ್ಚ್ 12ರ ತೀರ್ಪಿನಲ್ಲಿ ಬರೆದರು. ಕೊಲೆ, ಮಾದಕವಸ್ತು ತನಿಖೆ ಮಾಡುವ ಪೊಲೀಸರಿಗೇ ವಾರಂಟು ಬೇಕಾದಲ್ಲಿ ಸೋದರಮಾವನಿಗೆ ಯಾವುದೂ ಬೇಡವೇ?

ಬೇರೆಯವರ ಫೈಲು ಎಂದರೆ ಎಲ್ಲರ ಸೊತ್ತು ಎಂಬ ನಮ್ಮ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2024ರ ಏಪ್ರಿಲ್‌ನಲ್ಲಿ ಹಾಸನ ತೋರಿಸಿತು. ಲೋಕಸಭಾ ಚುನಾವಣೆಯ ಹೊತ್ತಿಗೆ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವುಗಳು ಹರಿದಾಡಿದವು. ಅಪರಾಧ ಘೋರವಾದದ್ದು, ಒಂದು ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಅದು ಆಗಬೇಕಾದದ್ದೇ. ಆದರೆ ಸಾಕ್ಷ್ಯ ಸಿಕ್ಕವರು ಪೊಲೀಸ್ ಠಾಣೆಗೋ ಮಹಿಳಾ ಆಯೋಗಕ್ಕೋ ಒಂದು ಪ್ರತಿ ತಲುಪಿಸಿದ್ದರೆ ಸಾಕಿತ್ತು. ಮುಖ ಮರೆಮಾಡುವ ಕನಿಷ್ಠ ಕಾಳಜಿಯೂ ಇಲ್ಲದೆ ಸಂತ್ರಸ್ತ ಹೆಣ್ಣುಮಕ್ಕಳನ್ನು ಊರಿನ ಎಲ್ಲ ಫೋನುಗಳಿಗೂ ಹಂಚಿದವರು, ಬಂದದ್ದನ್ನು ನೋಡಿ ಮುಂದಕ್ಕೆ ಕಳಿಸಿದವರು ಅಪರಾಧಿಯ ವಿರುದ್ಧ ಹೋರಾಡುತ್ತಿರಲಿಲ್ಲ. ಅವರೆಲ್ಲ ತಂತಮ್ಮ ಮನೆಯಲ್ಲಿ ‘ನಮ್ಮಲ್ಲಿ ಎಲ್ಲಾ ಓಪನ್ನು’ ಎನ್ನುವ ಮರ್ಯಾದಸ್ಥರೇ.

ಮಕ್ಕಳ ವಿಷಯದಲ್ಲಿ ನಾನು ಇಷ್ಟು ಖಡಾಖಂಡಿತವಾಗಿಲ್ಲ. ಹತ್ತು ವರ್ಷದ ಹುಡುಗನ ಟ್ಯಾಬನ್ನು ತಾಯಿ ನೋಡಬೇಕು, ನೋಡುತ್ತೇನೆಂದು ಹೇಳಿಯೇ ನೋಡಬೇಕು. ಇಪ್ಪತ್ತು ವರ್ಷದ ಮಗಳ ಲ್ಯಾಪ್‌ಟಾಪನ್ನು ಅವಳು ಸ್ನಾನಕ್ಕೆ ಹೋದಾಗ ತೆರೆಯುವುದು ಬೇರೆ. ಈ ಎರಡರ ನಡುವೆ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಮನೆಮನೆಗೂ ಬೇರೆ ಇರಬಹುದು. ಗೆರೆಯೇ ಇಲ್ಲ ಎನ್ನುವವರ ಜೊತೆ ಮಾತ್ರ ನನ್ನ ಜಗಳ.

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ನಾಚಿಕೆ ಬಿಟ್ಟು ನಿಜವಾದ ಬೀಗ ಹಾಕುವುದು. ವಿಂಡೋಸ್‌ನ ಲಾಗಿನ್ ಪಾಸ್‌ವರ್ಡ್ ಒಂದರಿಂದ ಆಗುವುದಿಲ್ಲ. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿದರೆ ಎಲ್ಲವೂ ಓದಲು ಬರುತ್ತದೆ. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಹೋಮ್ ಆವೃತ್ತಿಯ ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್, ಆಪಲ್‌ನಲ್ಲಿ ಫೈಲ್‌ವಾಲ್ಟ್, ಯಾವುದೂ ಇಲ್ಲದವರಿಗೆ ಪುಕ್ಕಟೆಯಾಗಿ ಸಿಗುವ ವೆರಾಕ್ರಿಪ್ಟ್. ಇವೆಲ್ಲ ಬಳಸುವ ಎಇಎಸ್ ಎಂಬ ಲಿಪಿ 2001ರಲ್ಲಿ ಅಮೆರಿಕ ಸರ್ಕಾರ ತನ್ನ ಕಡತಗಳಿಗೆಂದು ಒಪ್ಪಿಕೊಂಡದ್ದು, ಇಬ್ಬರು ಬೆಲ್ಜಿಯನ್ನರು ಹೆಣೆದದ್ದು. ಅದರ ಒಳಗುಟ್ಟೆಲ್ಲ ಬಹಿರಂಗ. ಯಾರು ಬೇಕಾದರೂ ಓದಬಹುದು. ಗುಟ್ಟಾಗಿರುವುದು ಕೀಲಿ ಮಾತ್ರ. ಒಂದೇ ಲ್ಯಾಪ್‌ಟಾಪನ್ನು ಐದು ಜನ ಬಳಸುವ ಮನೆಯಲ್ಲಿ ಇಡೀ ಡಿಸ್ಕಿನ ಬೀಗ ಒಳಗಿನವರ ನಡುವೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಮುಖ್ಯವಾದದ್ದಕ್ಕೆ ವೆರಾಕ್ರಿಪ್ಟಿನ ಬೇರೆ ಪೆಟ್ಟಿಗೆ.

ನಾಳೆ ಜೀವಕ್ಕೇನಾದರೂ ಆದರೆ ವಿಮೆಯ ಕಾಗದ, ಬ್ಯಾಂಕಿನ ವಿವರ ಎಲ್ಲ ಒಳಗೇ ಉಳಿದುಹೋಗುವುದಿಲ್ಲವೇ ಎನ್ನುತ್ತಾರೆ. ಒಪ್ಪುವ ಮಾತು. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ನಂಬಿದವರೊಬ್ಬರ ಕೈಗೆ ಕೊಟ್ಟಿಡಿ. ವಿಮೆಯ ಕಾಗದವನ್ನು ಬೇಕಾದರೆ ಬೀಗದ ಹೊರಗೇ ಇಡಿ. ಎಲ್ಲವನ್ನೂ ಮುಚ್ಚಿ ಎಂದು ನಾನೆಲ್ಲಿ ಹೇಳಿದೆ?

ಇಷ್ಟೆಲ್ಲ ಕೇಳಿದ ಮೇಲೆ ಹಿರಿಯರೊಬ್ಬರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದು ಉಳಿಯುತ್ತದೆ: ‘ಅಲ್ಲಾ, ಹಿಂಗೆಲ್ಲಾ ಬರೆದ್ರೆ ನಾಳೆ ನಮ್ಮ ಸೊಸೆನೂ ಲಾಕ್ ಹಾಕ್ಕೊಳಲ್ವಾ?’ ಹಾಕಿಕೊಳ್ಳಲಿ ಸ್ವಾಮಿ. ಅವಳಿಗೆ ಸರಿಯಾಗಿ ಹಾಕಲು ಬರದಿದ್ದರೆ ಮಗನಿಗೆ ಹೇಳಿ, ಪಕ್ಕದಲ್ಲಿ ಕೂತು ಹೇಳಿಕೊಡಲಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಎದ್ದು ಆಚೆ ಹೋಗಲಿ.